ಏನರ ಮಾತಾಡ್ರಿ

ಕೊಪ್ಪಳದಿಂದ ಯಲಬುರ್ಗಾದ ಕಚೇರಿಗೆ ನಾನು ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಒಬ್ಬ ಶಾಲಾ ಟೀಚರದು. ನಾನು ಮೊದಲು ಹತ್ತಿ, ಟಿಫಿನ್ ಚೀಲ ಇಟ್ಟು ಅವರಿಗಾಗಿ ಹಿಡಿದಿರುತ್ತಿದ್ದೆ. ಬಂದು ಕೂತವರು ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಹೊರಗಿನ ಸದ್ದು ಕೇಳಬಾರದೆಂದು ಇಯರ್‌ಫೋನಿನ ರಬ್ಬರು ಕಿತ್ತು ಇನ್ನೊಂದು ಸಿಕ್ಕಿಸುವರು, ಕಿವಿಯನ್ನು ಮೇಲಕ್ಕೆಳೆದು ಒಳಗೆ ಒತ್ತುವರು, ಎಲೆಯಡಿಕೆ ಜಗಿಯುವವರಂತೆ ದವಡೆ ಆಡಿಸುವರು. ದೊಡ್ಡ ರಬ್ಬರು ನೋಯುತ್ತಿತ್ತು. ಸಣ್ಣದು ಬಸ್ಸು ಕುಲುಕಿದರೆ ಜಾರಿ, ಹಾರ್ನಿನ ಸದ್ದೆಲ್ಲ ಒಳಗೆ ಬರುತ್ತಿತ್ತು. ಪ್ರತಿ ಸಲ ನನ್ನತ್ತ ತಿರುಗಿ, "ಮೇಡಂರಿ, ಏನರ ಮಾತಾಡ್ರಿ" ಎನ್ನುವರು. ಪಲ್ಯದ ಉಪ್ಪಿನಿಂದ ಹಿಡಿದು ಅತ್ತೆಯ ಮೊಣಕಾಲಿನವರೆಗೆ ನಾನು ಏನಾದರೂ ಹೇಳುವೆ. "ಥೂ, ಎಲ್ಲಾ ಕೇಳಿಸ್ತ್ರಿ!" ಎಂದು ಕಿತ್ತೇಬಿಡುವರು.

ಆ ದಿನ ಎಡಗಿವಿಗೆ ದೊಡ್ಡದು, ಬಲಗಿವಿಗೆ ಸಣ್ಣದು ಹಾಕಿ, ಹಾಡು ಹಚ್ಚಿ, "ಏನರ ಮಾತಾಡ್ರಿ" ಎಂದರು. ಬೆಳಗಿನಿಂದ ಹೇಳಬೇಕೆಂದುಕೊಂಡಿದ್ದ ಮಾತು ಹೊರಬಿತ್ತು.

"ಟೀಚರ್ರೀ, ನನಗ ಕಾರಟಗಿಗೆ ಟ್ರಾನ್ಸ್‌ಫರ್ ಆಗೇತ್ರಿ. ನಾಳಿಂದ ಈ ಬಸ್ಸಿಗೆ ಬರೂದಿಲ್ಲ."

ಅವರ ಮುಖ ಅರಳಿತು. "ಒಂದಕ್ಷರನೂ ಕೇಳಿಸ್ಲಿಲ್ರಿ! ಈಗ ಸರಿ ಕುಂತಾವ್ ನೋಡ್ರಿ!"

ಆ ಖುಷಿಗೆ ಅಡ್ಡ ಬರಲು ಮನಸ್ಸಾಗಲಿಲ್ಲ. ಇಳಿಯುವ ಮುಂಚೆ ಹೇಳಿದರಾಯಿತೆಂದು ಚಡಪಡಿಸುತ್ತಾ ಕೂತೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಟೀಚರ್ ಇಳಿಯುವ ಊರು ಬಂದಿತ್ತು. "ನಾಳಿನೂ ಸೀಟ್ ಹಿಡೀರಿ" ಎನ್ನುತ್ತಾ ಜನರ ನಡುವೆ ನುಗ್ಗಿ ಇಳಿದೇಬಿಟ್ಟರು.

ಕಿಟಕಿಯಿಂದ ತಲೆ ಹೊರಹಾಕಿ, "ಟೀಚರ್ರೀ!" ಎಂದು ಕೂಗಿದೆ. ಚಹಾ ಅಂಗಡಿ ಮುಂದೆ ನಿಂತವರೆಲ್ಲ ತಿರುಗಿ ನೋಡಿದರು. ಅವರೊಬ್ಬರು ನೋಡಲಿಲ್ಲ.