ಹಿತ್ತಲಿನವರೆಗೆ ಎಳೆದ ತಂತಿ

ತಾಮ್ರದ ತಂತಿಯ ಮೇಲಿನ ಎನಾಮಲ್ ಸುಟ್ಟರೆ ಒಂದು ವಾಸನೆ ಬರುತ್ತದೆ. ಮೊದಲು ಸೀದ ಬೆಲ್ಲದ ಹಾಗೆ, ಆಮೇಲೆ ಗಂಟಲಿನ ಹಿಂದೆ ಹೋಗಿ ಕಹಿಯಾಗಿ ಕೂರುವಂಥದ್ದು. ಹನೂರಿನ ನಮ್ಮ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ ಬಂತೆಂದರೆ ನನಗೆ ಆ ವಾಸನೆ ತಪ್ಪಿದ್ದಲ್ಲ. ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆಯಿರಿ, ಮೇಲಿನ ಮೆರುಗು ಹೋಗಿ ತಾಮ್ರ ಕೆಂಪಗೆ ಕಾಣುವವರೆಗೂ ಕೆರೆಯಿರಿ, ಇಲ್ಲದಿದ್ದರೆ ಕರೆಂಟು ಹರಿಯುವುದಿಲ್ಲ ಎಂದು ನಾನು ಗಂಟಲು ಹರಿದುಕೊಂಡಿರುತ್ತೇನೆ. ಕೆರೆಯಲು ಸೋಮಾರಿಯಾದ ಯಾವುದೋ ಒಂದು ಕೂಸು ಅದನ್ನು ಮೇಣದಬತ್ತಿಗೆ ಹಿಡಿದು ಸುಟ್ಟೇಬಿಟ್ಟಿರುತ್ತದೆ. ಬೈಯಲು ಹೋದವಳು ಬಾಯಿ ಕಟ್ಟಿದಂತೆ ನಿಂತುಬಿಡುತ್ತೇನೆ. ಸಿಡುಕಿ ಮೇಡಂ ಎಂದು ಹೆಸರಾದ ನಾನು ಆ ಒಂದು ದಿನ ಯಾಕೆ ಸುಮ್ಮನಾಗುತ್ತೇನೆಂದು ಮಕ್ಕಳಿಗೆ ತಿಳಿಯದು. ಅವಕ್ಕೆ ತಿಳಿಯಬೇಕಾಗಿಯೂ ಇಲ್ಲ. ಕಳೆದುಹೋದ ಮನೆಯೊಂದನ್ನು ಮೂಗಿನಲ್ಲಿ ಇಟ್ಟುಕೊಂಡು ಓಡಾಡುವ ನಿಮ್ಮಂಥವರಿಗೆ ಹೇಳಿದರೆ ಅರ್ಥವಾದೀತು.

ನಮ್ಮ ಮನೆ ಕೊಳ್ಳೇಗಾಲದಲ್ಲಿ ನೇಕಾರರ ಬೀದಿಯಲ್ಲಿತ್ತು. ಅಗಲವಿಲ್ಲದ, ಉದ್ದುದ್ದದ ಮನೆ. ಬೀದಿ ಬಾಗಿಲು ದಾಟಿದರೆ ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿ ಮಗ್ಗ, ಅದರ ಹಿಂದೆ ಅಜ್ಜಿ ಮಲಗುವ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಅಡುಗೆಮನೆಯಿಂದ ಬೀದಿಗೆ ಹೋಗಬೇಕೆಂದರೆ ಅಜ್ಜಿಯ ಮಂಚವನ್ನೂ ಅಪ್ಪನ ಮಗ್ಗವನ್ನೂ ದಾಟಿಯೇ ಹೋಗಬೇಕು, ಬೇರೆ ದಾರಿಯಿರಲಿಲ್ಲ. ಗಾಳಿಯಾಡಿದರೆ ರೇಷ್ಮೆ ಒಣಗಿ ಎಳೆ ಕಡಿಯುತ್ತದೆಂದು ಬೀದಿ ಬಾಗಿಲನ್ನೂ ಕಿಟಕಿಯನ್ನೂ ಹಗಲೆಲ್ಲ ಮುಚ್ಚಿರುತ್ತಿದ್ದರು. ಮಗ್ಗದ ಮೇಲೆ ಇಳಿಬಿಟ್ಟ ಒಂದೇ ಒಂದು ಬಲ್ಬು. ಮಿಕ್ಕ ಮನೆಯಲ್ಲಿ ಹಗಲಿಗೂ ಮಬ್ಬು. ರೇಷ್ಮೆಯ ಗಂಜಿ, ಅಜ್ಜಿಯ ಮೈಗೆ ತಿಕ್ಕುವ ಬಿಸಿ ಎಣ್ಣೆ, ಒಲೆಯ ಬೂದಿ, ಇವೆಲ್ಲ ಸೇರಿ ಒಳಗೊಂದು ವಾಸನೆ ಇರುತ್ತಿತ್ತು. ಹೊರಗಿಂದ ಬಂದವರಿಗೆ ಅದು ತಟ್ಟನೆ ಹೊಡೆಯುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಟಕ್ ಟಕ್ ಸದ್ದು ನಿಂತರೆ ಮಾತ್ರ ಎಲ್ಲರೂ ತಲೆಯೆತ್ತುತ್ತಿದ್ದರು.

ಜಯತ್ತೆ ಅಪ್ಪನ ತಂಗಿ. ಬಂಡಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವಳನ್ನು ಅಪ್ಪನೇ ಹೋಗಿ ಕರೆತಂದ. ಅವಳು ಬಂದ ವರ್ಷವೇ ಅಜ್ಜಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅಜ್ಜಿಯನ್ನು ಎತ್ತುವುದು, ಮಗ್ಗುಲು ಬದಲಿಸುವುದು, ಉಣ್ಣಿಸುವುದು ಎಲ್ಲ ಜಯತ್ತೆಯ ಪಾಲಿಗೆ ಬಂತು. ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಬೇಡವೆನ್ನಲಿಲ್ಲ. ಮಗಳಿದ್ದಾಳಲ್ಲ, ಇನ್ನೇನು ಎಂದು ಬೀದಿಯವರೆಲ್ಲ ಅಜ್ಜಿಯ ಪುಣ್ಯವನ್ನು ಹೊಗಳಿದ್ದೇ ಹೊಗಳಿದ್ದು. ಜಯತ್ತೆಗೆ ಸ್ವಂತಕ್ಕೆಂದು ಉಳಿದಿದ್ದು ಹಿತ್ತಲಿನ ಒಗೆಯುವ ಕಲ್ಲು. ಅಜ್ಜಿಯ ಬಲಹೀನವಾದ ಕೂಗು ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ. ಬಟ್ಟೆ ಒಗೆದ ಮೇಲೂ ಅವಳು ಅಲ್ಲೇ ಕಾಲು ಚಾಚಿ ಕೂತು, ಹಿಂದಿನ ಮನೆಯ ನಾಗಮ್ಮನೊಂದಿಗೆ ಗೋಡೆಯಾಚೆ ಮಾತಾಡಿ, ಕಿಸಕ್ಕನೆ ನಗುತ್ತಿದ್ದಳು. ಒಳಗೆ ನಾನು ಕೇಳದಿದ್ದ ನಗು ಅದು.

ನಾನು ಹತ್ತನೆಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ದಿಕ್ಸೂಚಿಯ ಮೇಲೆ ಒಂದು ತಂತಿ ಹಿಡಿದು ಬ್ಯಾಟರಿಗೆ ಮುಟ್ಟಿಸಿದರು. ಸದಾ ಉತ್ತರಕ್ಕೆ ನೋಡಿಕೊಂಡಿದ್ದ ಮುಳ್ಳು ಪಟ್ಟನೆ ಪಕ್ಕಕ್ಕೆ ತಿರುಗಿತು. ತಂತಿಯ ತುದಿಗಳನ್ನು ಅದಲುಬದಲು ಮಾಡಿದರೆ ಇನ್ನೊಂದು ಪಕ್ಕಕ್ಕೆ. ನನಗೆ ಹುಚ್ಚು ಹಿಡಿಯಿತು. ವಸ್ತುಪ್ರದರ್ಶನಕ್ಕೆ ವಿದ್ಯುತ್ ಗಂಟೆ ಮಾಡುತ್ತೇನೆಂದು ಹೊರಟೆ. ಮೋಟರ್ ಸುತ್ತುವ ಅಂಗಡಿಯಿಂದ ಎನಾಮಲ್ ತಂತಿ, ಒಂದು ಕಬ್ಬಿಣದ ಬೋಲ್ಟು, ಗರಗಸದ ಬ್ಲೇಡಿನ ತುಂಡು, ಮುರಿದ ಸೈಕಲ್ ಬೆಲ್ಲಿನ ಬಟ್ಟಲು, ದೊಡ್ಡ ಟಾರ್ಚಿನ ಸೆಲ್ಲುಗಳು. ಬೋಲ್ಟಿಗೆ ತಂತಿ ಸುತ್ತಿಕೊಟ್ಟವಳು ಜಯತ್ತೆ. ಕದಿರಿಗೆ ನೂಲು ಸುತ್ತಿ ಪಳಗಿದ ಬೆರಳು. ಒಂದರ ಪಕ್ಕ ಒಂದು ಒತ್ತಿಕೊಂಡು ಬಂದವು ಸುತ್ತುಗಳು. ತಂತಿಯ ತುದಿಗಳನ್ನು ನಾನು ಮೊದಲು ಒಲೆಗೆ ಹಿಡಿದು ಸುಟ್ಟು ಮನೆಯೆಲ್ಲ ಆ ಸೀದ ವಾಸನೆ ಎಬ್ಬಿಸಿ, ಆಮೇಲೆ ಬ್ಲೇಡಿನಲ್ಲಿ ಕೆರೆದೆ. ಗುಂಡಿ ಒತ್ತಿದರೆ ವಿದ್ಯುತ್ ಮಂಡಲ ಕೂಡಿಕೊಂಡು ಬೋಲ್ಟು ಅಯಸ್ಕಾಂತವಾಗಿ ಬ್ಲೇಡಿನ ಪಟ್ಟಿಯನ್ನು ಎಳೆಯುತ್ತದೆ, ಪಟ್ಟಿಯ ತುದಿ ಬಟ್ಟಲಿಗೆ ಹೊಡೆಯುತ್ತದೆ, ಆದರೆ ಎಳೆಸಿಕೊಂಡು ಬರುವಾಗ ಪಟ್ಟಿ ತನ್ನ ಹಿಂದಿನ ತಿರುಪು ಮೊಳೆಯನ್ನು ಬಿಟ್ಟು ಬಂದಿರುತ್ತದೆ, ಅಲ್ಲಿಗೆ ಕರೆಂಟು ಕಡಿದು ಅಯಸ್ಕಾಂತ ಸಾಯುತ್ತದೆ, ಪಟ್ಟಿ ವಾಪಸ್ಸು ಹೋಗುತ್ತದೆ, ಹೋದೊಡನೆ ಮತ್ತೆ ಮಂಡಲ ಕೂಡಿ ಮತ್ತೆ ಎಳೆತ. ಇಷ್ಟನ್ನೂ ನಾನು ಮೇಷ್ಟ್ರ ಧಾಟಿಯಲ್ಲಿ ಅವಳಿಗೆ ಒಪ್ಪಿಸಿದೆ. ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗುತ್ತಿದ್ದ ಪಟ್ಟಿಯನ್ನು ಜಯತ್ತೆ ಬಗ್ಗಿ ನೋಡಿದಳು.

"ಹೋದ್ರೆ ಎಳೀತದೆ, ಬಂದ್ರೆ ಬುಟ್ಬುಡ್ತದೆ. ಎಲ್ಲೂ ನಿಲ್ಲಂಗಿಲ್ವಲ್ಲ ಕಣವ್ವ ಇದು" ಅಂದಳು.

ಪ್ರದರ್ಶನ ಮುಗಿದ ಮೇಲೆ ಆ ಗಂಟೆ ಅಟ್ಟ ಸೇರಬೇಕಿತ್ತು. ಅಪ್ಪ ಅದನ್ನು ತಂದು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಕೂರಿಸಿದ, ಗುಂಡಿಯನ್ನು ಅಜ್ಜಿಯ ಬಲಗೈಗೆ ಸಿಗುವ ಹಾಗೆ ಮಂಚದ ಚೌಕಟ್ಟಿಗೆ ಕಟ್ಟಿದ. ಮಗಳು ಮಾಡಿದ್ದು ಎಂದು ಬೀದಿಗೆಲ್ಲ ತೋರಿಸಿದ. ಅಜ್ಜಿಗೆ ಅವತ್ತಿನಿಂದ ಹೊಸ ಜೀವ ಬಂತು. ಆ ಮನೆಗೆ ಬಂದಾಗಿನಿಂದ ಅತ್ತೆ, ಗಂಡ, ಮಗ ಎಂದು ಒಬ್ಬರಾದ ಮೇಲೆ ಒಬ್ಬರ ಕರೆಗೆ ಓಡಾಡಿದವಳಿಗೆ, ಬೆರಳು ಒತ್ತಿದರೆ ಯಾರೋ ಓಡಿ ಬರುತ್ತಾರೆಂಬುದೇ ಒಂದು ಹಬ್ಬ. ನೀರಿಗೆ ಒತ್ತಿದಳು, ಸೊಳ್ಳೆಗೆ ಒತ್ತಿದಳು, ಮಳೆ ಬರುತ್ತಿದೆಯಾ ಎಂದು ಕೇಳಲು ಒತ್ತಿದಳು. ಜಯತ್ತೆ ಬಂದು ನಿಂತರೆ ಕೆಲವು ಸಲ ಏನೂ ಹೇಳದೆ ಅವಳ ಸೆರಗು ಹಿಡಿದುಕೊಂಡಿರುತ್ತಿದ್ದಳು, ಅಷ್ಟೇ. ಗಂಟೆ ಮಾಡಿದವಳು ನಾನೇ, ನಿಜ. ಆದರೆ ಆ ಪಾಪವನ್ನು ತಲೆಯ ಮೇಲೆ ಹೊತ್ತು ಅಳುತ್ತ ತಿರುಗುವ ಜಾಯಮಾನ ನನ್ನದಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ಅಪ್ಪನ ಮೇಲೆ. ಅಜ್ಜಿಯ ಮಂಚದಿಂದ ಮಗ್ಗಕ್ಕೆ ನಾಲ್ಕು ಮಾರು. ಗಂಟೆಯನ್ನು ಅಲ್ಲಿ ಹಾಕಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ಆ ಬೇಸಗೆಯ ಹೊತ್ತಿಗೆ ನಾಗಮ್ಮ ಯಳಂದೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದ್ದಳು. ಊರಿಗೆ ಬಂದಾಗ ಗೋಡೆಯಾಚೆಯಿಂದ ಸುದ್ದಿ ಹೇಳಿದಳು: ಇನ್ನೊಬ್ಬಳು ಬೇಕಂತೆ, ಅಲ್ಲೇ ಇರಲು ಕೋಣೆ ಕೊಡುತ್ತಾರಂತೆ, ಹೂಂ ಅಂದರೆ ವಾರ್ಡನ್ ಮೇಡಮ್ಮಿಗೆ ಹೇಳುತ್ತೇನೆ. ಸುತ್ತ ಮಕ್ಕಳು, ಕಿಟಕಿ ತೆಗೆದರೆ ದೂರದಲ್ಲಿ ಬಿಳಿಗಿರಿರಂಗನ ಬೆಟ್ಟ. ಜಯತ್ತೆ ಅವತ್ತು ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಅವಳಿಗೆ ಹೋಗಬೇಕಿತ್ತು. ಅಷ್ಟು ಆಸೆಯಿಂದ ಅವಳು ಇನ್ನೇನನ್ನೂ ಬೇಡಿದ್ದನ್ನು ನಾನು ನೋಡಿಲ್ಲ. ಆದರೆ ನಮ್ಮ ಮನೆಗೊಂದು ಕಟ್ಟಳೆಯಿತ್ತು. ಮಗ್ಗದ ಮೇಲೆ ಹಾಸು, ಅಂದರೆ ನೇಯಲು ಉದ್ದಕ್ಕೆ ಬಿಗಿದ ಎಳೆಗಳು, ಇರುವಾಗ ಮನೆಯ ಹೆಂಗಸು ಪರಸ್ಥಳಕ್ಕೆ ಹೋಗಿ ತಂಗಬಾರದು, ಹೋದರೆ ಎಳೆ ನಿಲ್ಲುವುದಿಲ್ಲ. ಕೊನೆಯ ಸೀರೆಯನ್ನು ಕುಯ್ದು ಇಳಿಸಿದ ಮೇಲೆ, ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುವವರೆಗಿನ ಎರಡು ಮೂರು ದಿನವೇ ಬಿಡುವು. ತವರಿಗೆ ಹೋಗುವುದು, ಮದುವೆಗೆ ಹೋಗುವುದು ಎಲ್ಲ ಆಗಲೇ. ಹಾಗೆ ಎಳೆ ಕೂಡಿಸುವುದನ್ನು ನಮ್ಮಲ್ಲಿ ಕೆಚ್ಚುವುದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೆಚ್ಚುತ್ತಿದ್ದವಳು ಜಯತ್ತೆ. ಎಲ್ಲರಿಗೂ ಬಿಡುವಾದ ದಿನ ಅವಳಿಗೆ ಕೈತುಂಬ ಕೆಲಸ. ಅವಳು ಕೇಳಿದಾಗ ಅಪ್ಪ ಬೇಡವೆನ್ನಲಿಲ್ಲ. ಈ ಹಾಸು ಮುಗಿಯಲಿ, ಕೆಚ್ಚಿಕೊಟ್ಟು ಹೋಗು ಅಂದ. ಕೆಚ್ಚಿದ ಮೇಲೆ ಮಗ್ಗದ ಮೇಲೆ ಮತ್ತೆ ಹಾಸು ಬಂದಿರುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ ತಲೆಹರಟೆ ಎಂದು ಬೈಸಿಕೊಂಡೆ.

ಈ ನಡುವೆ ಅಜ್ಜಿಗೆ ಹಿತ್ತಲಿನ ವಿಷಯ ಗೊತ್ತಾಯಿತು. ಒಗೆಯುವ ಕಲ್ಲಿನ ಹತ್ತಿರ ಗಂಟೆ ಕೇಳುವುದಿಲ್ಲ, ಅದನ್ನು ಅಲ್ಲಿಗೇ ಹಾಕಿಸು ಎಂದು ಅಪ್ಪನ ಬೆನ್ನು ಹತ್ತಿದಳು. ಅಪ್ಪ ಮಿಕ್ಕ ತಂತಿಯನ್ನು ತೆಗೆದುಕೊಂಡು, ಗಂಟೆಯನ್ನು ಹಿತ್ತಲಿನ ಸೂರಿನಡಿಗೆ ಸಾಗಿಸಿ, ಹಳೆಯ ತಂತಿಗೆ ಹೊಸದನ್ನು ಕೂಡಿಸಿದ. ಹೇಗೆ ಕೂಡಿಸಿದ ಅಂತೀರಿ? ಹಾಸು ಕೆಚ್ಚುವ ಹಾಗೆ. ಒಲೆಯಿಂದ ಚಿಟಿಕೆ ಬೂದಿ ತಂದು, ಬೆರಳು ಜಾರದಿರಲೆಂದು ಬೂದಿಯಲ್ಲಿ ಅದ್ದಿಕೊಂಡು, ಎರಡು ತುದಿಗಳನ್ನು ಸೊಗಸಾಗಿ ಹೊಸೆದ. ಎನಾಮಲ್ ಕೆರೆಯಲಿಲ್ಲ, ರೇಷ್ಮೆಯ ಎಳೆಯನ್ನು ಯಾರಾದರೂ ಕೆರೆಯುತ್ತಾರೆಯೇ? ನೋಡಲು ಗಂಟಿರುವುದೇ ತಿಳಿಯುತ್ತಿರಲಿಲ್ಲ, ಅಷ್ಟು ಚೆನ್ನಾಗಿತ್ತು. ಗುಂಡಿ ಒತ್ತಿದರೆ ಗಂಟೆ ಹೊಡೆಯಲಿಲ್ಲ. ಸೆಲ್ಲು ಬದಲಿಸಿದ, ಬೋಲ್ಟನ್ನು ಕುಟ್ಟಿದ, ಕೊನೆಗೆ ಅಯಸ್ಕಾಂತದ ಶಕ್ತಿ ಹೋಯಿತೆಂದು ತೀರ್ಮಾನ ಮಾಡಿದ. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಬಾಯಿ ತೆಗೆಯುವಷ್ಟರಲ್ಲಿ ಅಪ್ಪನ ಹಿಂದೆ ನಿಂತಿದ್ದ ಜಯತ್ತೆ ಬೇಡವೆಂದು ತಲೆಯಾಡಿಸಿದಳು. ಆಮೇಲೆ ಕಲ್ಲಿನ ಹತ್ತಿರ ಕೂರಿಸಿಕೊಂಡು ಹೇಳಿದಳು.

"ಈಗ್ಲೇ ಯೋಳ್ಬೇಡ ಕಣವ್ವ. ಹಾಸು ಕುಯ್ಯೋಗಂಟ ಸುಮ್ಕಿರು. ಆಮ್ಯಾಕೆ ನಾನೇ ಇರೋಕಿಲ್ಲ."

ಹಾಸು ಕುಯ್ದ ದಿನ ಅಪ್ಪ ಸೀರೆಗಳನ್ನು ಎತ್ತಿಕೊಂಡು, ನೇಯಲು ರೇಷ್ಮೆ ಕೊಡುವ ಸಾವ್ಕಾರರ ಮನೆಗೆ ಹೋದ. ಲಾಳಿಯ ಸದ್ದಿಲ್ಲದ ಮನೆಯಲ್ಲಿ ಅಜ್ಜಿ ಮಧ್ಯಾಹ್ನದ ನಿದ್ದೆಗೆ ಜಾರಿದಳು. ನೀನು ಹೊರಡು ಜಯಮ್ಮ, ಕೆಚ್ಚುವುದನ್ನೂ ನಾನೇ ನೋಡಿಕೊಳ್ಳುತ್ತೇನೆ, ನಿಧಾನವಾದರೆ ಆಗಲಿ ಎಂದು ನನ್ನ ಅವ್ವ ಅವಳ ಕೈಗೆ ಬುತ್ತಿ ಕೊಟ್ಟು, ಬೀದಿ ಬಾಗಿಲನ್ನು ತಾನೇ ತೆಗೆದಳು. ಬ್ಯಾಗು ಹಿಡಿದುಕೊಂಡು ನಾನು ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಯಳಂದೂರಿನ ಬಸ್ಸು ನಿಂತಿತ್ತು. ಜಯತ್ತೆ ಕಿಟಕಿಯ ಪಕ್ಕ ಕೂತು, ಗಾಜು ಸರಿಸಿ, ಮುಖವನ್ನು ಬಿಸಿಲಿಗೆ ಕೊಟ್ಟಳು. ಮೂಗಿನ ಪಕ್ಕದಲ್ಲಿ ಅವಳಿಗೊಂದು ಮಚ್ಚೆಯಿರುವುದು ಅಷ್ಟು ಬೆಳಕಿನಲ್ಲಿ ನನಗೆ ಮೊದಲ ಸಲ ಕಂಡಿತು. ಹಾಸ್ಟೆಲಿಗೆ ಒಂದು ಭಾನುವಾರ ಬಾ, ಬೆಟ್ಟಕ್ಕೆ ಹೋಗೋಣ ಎಂದಳು. ಡ್ರೈವರು ಹತ್ತಿದ. ಕಂಡಕ್ಟರು ಹಗ್ಗ ಎಳೆದ, ಮುಂದೆ ಗಂಟೆ ಹೊಡೆಯಿತು. ಜಯತ್ತೆ ಎದ್ದು ನಿಂತಳು.

ಯೋಚಿಸಿ ಎದ್ದಿದ್ದಲ್ಲ. ಕೂತವಳು ಗಂಟೆ ಕೇಳಿದೊಡನೆ ಸೆರಗು ಸಿಕ್ಕಿಸಿಕೊಂಡು ಎದ್ದಿದ್ದಳು, ಅಡುಗೆಮನೆಯಲ್ಲಿ ಏಳುತ್ತಿದ್ದ ಹಾಗೆಯೇ. ಪಕ್ಕದ ಹೆಂಗಸು ಇಳಿಯಬೇಕೇನೋ ಎಂದು ಕಾಲು ಮಡಚಿ ದಾರಿ ಬಿಟ್ಟಳು. ಕೂತ್ಕೋ ಅತ್ತೆ, ಕೂತ್ಕೋ ಎಂದು ನಾನು ಕೆಳಗಿನಿಂದ ಕಿರುಚಿದೆ. ಅವಳು ಒಂದು ಗಳಿಗೆ ಸೀಟನ್ನು ನೋಡಿದಳು. ಆಮೇಲೆ ಇಳಿದು ಬಂದಳು. ಬಸ್ಸು ಹೋಯಿತು. ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದು, ಅವಳ ರಟ್ಟೆ ಹಿಡಿದು ಅಲುಗಾಡಿಸಿದೆ.

"ನೋಡ್ದಾ ಮಗ, ಕಾಲು ಅದ್ರ ಪಾಡಿಗದು ಎದ್ಬುಡ್ತದೆ. ಅಲ್ಲೋದ್ರೂವೆ ಏಳ್ತಾನೇ ಇರ್ತೀನಿ" ಅಂದಳು. ನಗಲು ನೋಡಿದಳು, ಆಗಲಿಲ್ಲ.

ಮನೆಗೆ ಬಂದಾಗ ಅಜ್ಜಿ ಎಚ್ಚರವಾಗಿದ್ದಳು. ಅವ್ವ ಮಂಚದ ಪಕ್ಕದಲ್ಲೇ ಇದ್ದರೂ ಅಡುಗೆಮನೆಯ ಬಾಗಿಲನ್ನೇ ನೋಡುತ್ತ, ಕೆಟ್ಟುಹೋದ ಆ ಗುಂಡಿಯನ್ನು ಬಿಡದೆ ಒತ್ತುತ್ತಿದ್ದಳು. ಎಲ್ಲಿ ಹೋಗಿದ್ದೆ ಎಂದು ಕೇಳಿದ್ದಕ್ಕೆ ಜಯತ್ತೆ ಬಟ್ಟೆ ಒಗೆಯುತ್ತಿದ್ದೆ ಅಂದಳು. ಸಂಜೆ ಅವಳು ಬ್ಲೇಡು ಹಿಡಿದು ಹಿತ್ತಲಿನಲ್ಲಿ ಕೂತಳು. ನಾನು ಮಾಡುವಾಗ ನೋಡಿದ್ದಳಲ್ಲ, ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪ ಹೊಸೆದಿದ್ದನ್ನು ಬಿಚ್ಚಿ, ಬೂದಿ ಒರೆಸಿ, ತುದಿಗಳನ್ನು ತಾಮ್ರ ಕೆಂಪಾಗುವವರೆಗೆ ಕೆರೆದು ಮತ್ತೆ ಕೂಡಿಸಿದಳು. ಬೇಡ ಅತ್ತೆ, ಹಾಗೇ ಬಿಡು ಎಂದು ನಾನು ಬೇಡಿಕೊಂಡೆ. ಅವಳು ಗಂಟನ್ನು ಬೆರಳಲ್ಲಿ ಒತ್ತಿ ಹೊಸೆದಳು. ಒಳಗೆ ಅಜ್ಜಿ ಒತ್ತುತ್ತಲೇ ಇದ್ದಿರಬೇಕು, ಗಂಟು ಬಿಗಿಯಾದೊಡನೆ ಗಂಟೆ ಜಯತ್ತೆಯ ಕಿವಿಯ ಹತ್ತಿರವೇ ಹೊಡೆದುಕೊಳ್ಳತೊಡಗಿತು. ಜಯತ್ತೆ ಕೈ ಒರೆಸಿಕೊಂಡು ಒಳಗೆ ಹೋದಳು. ಮಾರನೆಯ ದಿನ ಹೊಸ ಹಾಸು ಬಂತು, ಅವಳೇ ಕೆಚ್ಚಿದಳು. ಹಾಸ್ಟೆಲಿಗೆ ಬೇರೆ ಯಾರೋ ಸೇರಿದರು.

ಅಜ್ಜಿ ಆಮೇಲೂ ಬಹಳ ವರ್ಷ ಬದುಕಿದ್ದಳು. ನಾನು ಕಾಲೇಜು ಮುಗಿಸಿ ಬಿ.ಎಡ್. ಮಾಡಿ ಕೆಲಸಕ್ಕೆ ಸೇರುವವರೆಗೂ ಆ ಮನೆಯಲ್ಲಿ ಗಂಟೆ ಹೊಡೆಯುತ್ತಿತ್ತು. ಈಗ ಅವರು ಯಾರೂ ಇಲ್ಲ. ಅಜ್ಜಿಯ ಹಿಂದೆ ಅವ್ವ, ಅಪ್ಪ, ಹೋದ ಮಳೆಗಾಲದಲ್ಲಿ ಜಯತ್ತೆ. ಮನೆ ಕೆಡವಿ, ಮಗ್ಗದ ಕುಣಿಗೆ ಮಣ್ಣು ತುಂಬಿ, ಮೇಲೆ ಯಾರದೋ ಮೊಬೈಲ್ ಅಂಗಡಿ ಎದ್ದಿದೆ. ಅದರ ಬಾಗಿಲು ಬೀದಿಯಗಲಕ್ಕೂ ತೆರೆದಿರುತ್ತದೆ. ಕೊಳ್ಳೇಗಾಲಕ್ಕೆ ಹೋದಾಗ ಅದರ ಮುಂದೆ ನಿಂತರೆ ನನಗೆ ಅಂಗಡಿ ಕಾಣುವುದಿಲ್ಲ, ಒಂದು ಮಧ್ಯಾಹ್ನ ಕಾಣುತ್ತದೆ.

ಅಜ್ಜಿಯ ತಿಥಿ ಮುಗಿದ ಮಾರನೆಯ ಮಧ್ಯಾಹ್ನ. ನೆಂಟರೆಲ್ಲ ಹೋಗಿದ್ದರು. ಅವ್ವ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತಿದ್ದಳು, ನಾನು ಒರೆಸುತ್ತಿದ್ದೆ, ಒಳಗೆ ಅಪ್ಪನ ಲಾಳಿ ಓಡುತ್ತಿತ್ತು. ಆಗ ಗಂಟೆ ಹೊಡೆಯಿತು. ಅವ್ವನ ಕೈಯಿಂದ ಸೌಟು ಬಿತ್ತು. ಇಬ್ಬರೂ ಎದ್ದುಬಿದ್ದು ನಡುಮನೆಗೆ ಓಡಿದೆವು. ಅಜ್ಜಿಯ ಮಂಚದ ಮೇಲೆ, ಹಾಸಿಗೆ ತೆಗೆದ ಬರೀ ಹಲಗೆಯ ಮೇಲೆ ಜಯತ್ತೆ ಮಲಗಿದ್ದಳು. ಹೆಬ್ಬೆರಳು ಗುಂಡಿಯ ಮೇಲಿತ್ತು. ಕಣ್ಣು ಸೂರನ್ನು ನೋಡುತ್ತಿತ್ತು. ಏನಾಯಿತೆಂದು ಅವ್ವ ಕೇಳಿದಳು.

"ಏನಿಲ್ಲ ಅತ್ಗೆ. ಒತ್ತುದ್ರೆ ಯಾರ್ ಬತ್ತೀರಿ ಅಂತ ನೋಡ್ದಿ."

ಲಾಳಿ ನಿಂತಿತು. ಅಷ್ಟು ವರ್ಷಗಳಲ್ಲಿ ಆ ಗಂಟೆಗೆ ಒಮ್ಮೆಯೂ ಏಳದ ಅಪ್ಪ ಕುಣಿಯಿಂದ ಮೇಲೆ ಬಂದು ಬಾಗಿಲಲ್ಲಿ ನಿಂತಿದ್ದ. ಜಯತ್ತೆ ಅವನನ್ನು ನೋಡಿದಳು. ಬೆರಳನ್ನು ಗುಂಡಿಯಿಂದ ತೆಗೆಯಲಿಲ್ಲ.

"ಅಣ್ಣ, ಒಂದ್ಲೋಟ ನೀರು ತಕಬಾ" ಅಂದಳು.

ಅಪ್ಪ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ. ನಾವಿಬ್ಬರೂ ಕದಲಲಿಲ್ಲ. ಅವನು ನಮ್ಮ ನಡುವೆ ದಾರಿ ಮಾಡಿಕೊಂಡು ಅಡುಗೆಮನೆಗೆ ಹೋದ. ಅಲ್ಲಿ ಡಬ್ಬಿ ಸರಿಸಿದ ಸದ್ದು, ತಟ್ಟೆ ಬಿದ್ದ ಸದ್ದು ಕೇಳಿತು. ತನ್ನ ಮನೆಯಲ್ಲಿ ಲೋಟ ಎಲ್ಲಿಡುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಎರಡೂ ಕೈಯಲ್ಲಿ ದೊಡ್ಡ ಚೊಂಬು ಹಿಡಿದು, ನೆಲದ ಮೇಲೆಲ್ಲ ಚೆಲ್ಲಿಕೊಂಡು ಬಂದ. ಜಯತ್ತೆ ಎದ್ದು ಕೂತು, ಅಷ್ಟೂ ನೀರನ್ನು ನಿಧಾನವಾಗಿ ಕುಡಿದಳು. ಅಪ್ಪ ಖಾಲಿ ಚೊಂಬಿಗೆ ಕೈಯೊಡ್ಡಿಕೊಂಡು ಅಲ್ಲೇ ನಿಂತಿದ್ದ.