ಹಸಿರು ಕೆನ್ನೆಯ ಹೆಂಗಸು

ನಮ್ಮಪ್ಪ ಮೂವತ್ತೆರಡು ವರ್ಷ ಒಂದೇ ಮುದ್ರಣಾಲಯದಲ್ಲಿ ಬಣ್ಣ ತಿದ್ದಿದವರು. ಪ್ರೂಫ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕೆಂಪು ಜಾಸ್ತಿಯಾಯ್ತು" ಎಂದರೆ ಮುಗಿಯಿತು, ಯಂತ್ರದವನು ತುಟಿಪಿಟಕ್ಕೆನ್ನದೆ ಇಳಿಸುತ್ತಿದ್ದ. ಮನೆಯಲ್ಲೂ ಅದೇ ಚಾಳಿ. ನಾನು ಹೊಸ ಅಂಗಿ ಹಾಕಿಕೊಂಡರೆ ಚೆನ್ನಾಗಿದೆ ಎನ್ನುವ ಆಸಾಮಿಯಲ್ಲ. "ತೋಳಿನ ನೀಲಿ ಬೇರೆ, ಕಾಲರ್ ನೀಲಿ ಬೇರೆ" ಎನ್ನುವರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಅಮ್ಮ ತೀರಿಕೊಂಡ ಮರುವರ್ಷ ಚಿತ್ರಶಾಲೆಯೊಂದು ಎರಡು ಪುಸ್ತಕಗಳನ್ನು ಅಚ್ಚಿಗೆ ಕೊಟ್ಟಿತು. ಮೊದಲನೆಯದು ಇಂಪ್ರೆಷನಿಸ್ಟರೆಂಬ ಹಳೆಯ ಫ್ರೆಂಚ್ ಕಲಾವಿದರ ಚಿತ್ರಗಳದು. ಹಿಮದ ಮೇಲೆ ನೀಲಿ ನೆರಳು ಕಂಡು ಮುದ್ರಣಾಲಯದಲ್ಲಿ ಎಲ್ಲರೂ ತಪ್ಪು ಎಂದರು. ಅಪ್ಪ ಬಿಳಿ ಹಾಳೆಯೊಂದನ್ನು ಬಿಸಿಲಲ್ಲಿಟ್ಟು ಮೇಲೆ ಕೈ ಚಾಚಿ, "ನೋಡ್ರಪ್ಪ, ನೆರಳು ಕಪ್ಪಾ, ನೀಲಿಯಾ?" ಎಂದರಂತೆ. ನೀಲಿಯೇ ಇತ್ತು. "ಇವರು ನಮ್ಮೋರು ಕಣಮ್ಮ. ಆ ಗಳಿಗೇಲಿ ಬೆಳಕು ಹೇಗಿತ್ತೋ ಹಾಗೇ ಬರೆದಿದ್ದಾರೆ" ಎಂದು ನನ್ನೆದುರು ಹಿಗ್ಗಿದರು.

ಎರಡನೆಯದು ಅವರ ನಂತರ ಬಂದ ಪೋಸ್ಟ್-ಇಂಪ್ರೆಷನಿಸ್ಟರದು. ಅಪ್ಪ ಎಡವಿದ್ದು ಅಲ್ಲಿ. ಕುರ್ಚಿಯಲ್ಲಿ ಕುಳಿತ ಹೆಂಗಸಿನ ಕೆನ್ನೆ ಹಸಿರು, ಹಿಂದಿನ ಗೋಡೆ ಉರಿಯುವ ಹಳದಿ. ಯಾವ ಬೆಳಕಿನಲ್ಲೂ ಯಾರೂ ಹಾಗೆ ಕಾಣುವುದಿಲ್ಲ. ಅಚ್ಚಿಗಾಗಿ ಚಿತ್ರದ ಫೋಟೊ ತೆಗೆದವನ ಎಡವಟ್ಟೆಂದು ತಿಳಿದು, ಯಾರನ್ನೂ ಕೇಳದೆ, ಕೆನ್ನೆಗೆ ಮೈಬಣ್ಣ ತಂದರು, ಗೋಡೆಯನ್ನು ಬೆಳ್ಳಗೆ ಮಾಡಿದರು. ಹೀಗೆ ಹನ್ನೊಂದು ಚಿತ್ರ! ಚಿತ್ರಶಾಲೆಯ ಮೇಡಂ ಪ್ರೂಫನ್ನೆಲ್ಲ ಹಿಂದಕ್ಕೆ ಕಳಿಸಿದರು. ಮುದ್ರಣಾಲಯದ ಮಾಲೀಕರು ನನಗೆ ಫೋನ್ ಮಾಡಿದರು. "ನಿಮ್ಮಪ್ಪನ ಕಣ್ಣು ಒಂದ್ಸಲ ತೋರಿಸಮ್ಮ. ಕಣ್ಣು ಹೋಗಿದ್ರೆ ಬಣ್ಣ ತಿದ್ದೋ ಕುರ್ಚೀಲಿ ಕೂರ್ಸೋಕಾಗಲ್ಲ."

ಡಾಕ್ಟರ ಹತ್ತಿರ ಬನ್ನಿ ಎಂದು ಅಂಗಲಾಚಿದೆ, ಜಗಳವಾಡಿದೆ. ಅಪ್ಪ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ, "ನಿಜವಾಗ್ಲೂ ಹೋಗಿದ್ರೆ?" ಎಂದರು. ಊರಿಗೆಲ್ಲ ಬಣ್ಣ ಹೇಳುತ್ತಿದ್ದ ಮನುಷ್ಯ ಹೆದರಿದ್ದರು. ಡಾಕ್ಟರ ಬದಲು ಚಿತ್ರಶಾಲೆಗೇ ಕರೆದೊಯ್ದೆ. ಪ್ರದರ್ಶನಕ್ಕೆಂದು ಅಲ್ಲಿಗೆ ತರಿಸಿದ್ದ ಮೂಲ ಚಿತ್ರ ನೋಡಿದರೆ ತಪ್ಪು ಕಣ್ಣಿನದೋ ಅಲ್ಲವೋ ಗೊತ್ತಾಗುತ್ತದಲ್ಲ.

ಮೂಲದಲ್ಲೂ ಕೆನ್ನೆ ಹಸಿರೇ, ಅಪ್ಪನಿಗೂ ಹಸಿರೇ ಕಂಡಿತು; ಕಣ್ಣು ಸರಿಯಾಗೇ ಇತ್ತು. ಮೇಡಂ ನಕ್ಕರು. "ಮೊದಲಿನೋರು ಕಣ್ಣಿಗೆ ಬಿದ್ದ ಬೆಳಕನ್ನ ಬರೆದ್ರು ಸಾರ್. ಇವರಿಗೆ ಅಷ್ಟೇ ಸಾಕಾಗ್ಲಿಲ್ಲ. ಕೆಲವರು ಆಕಾರಾನ ಗಟ್ಟಿಯಾಗಿ ಕಟ್ಟೋಕೆ ಹೊರಟ್ರು, ಕೆಲವರು ತಮ್ಮ ಮನಸ್ಸಿಗಾಗಿದ್ದನ್ನ ಬಣ್ಣದ ಕೈಲಿ ಹೇಳಿಸಿದ್ರು. ಈಕೆ ಕಾಯಿಲೆ ಬಿದ್ದಾಗ ಗಂಡನೇ ಬರೆದದ್ದು ಇದು."

ಅಪ್ಪ ಚಿತ್ರದ ಹಳದಿ ಗೋಡೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ನಿಮ್ಮಮ್ಮ ಕೊನೇ ವಾರ ಆಸ್ಪತ್ರೇಲಿದ್ಳಲ್ಲ, ಆ ಗೋಡೆ ನಂಗೆ ಹೀಗೇ ಕಾಣ್ತಿತ್ತು. ಬಿಳಿ ಅಂತ ಗೊತ್ತು, ಆದ್ರೂ ಹಳದಿ. ಆವತ್ತೇ ಕಣ್ಣು ಹೋಯ್ತು ಅನ್ಕೊಂಡೆ ಕಣಮ್ಮ. ಆಮೇಲೆ ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಈ ಪುಣ್ಯಾತ್ಮಂಗೂ ಹಾಗೇ ಕಂಡಿದೆ ನೋಡು."

ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತರು. ಅಮ್ಮ ಹೋದಾಗಲೂ ಅವರು ಅತ್ತಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತು ಅವರ ಬೆನ್ನು ಸವರಿದೆ.

ಮರುದಿನ ಹನ್ನೊಂದು ಚಿತ್ರಗಳಿಗೂ ತೆಗೆದ ಬಣ್ಣವನ್ನೆಲ್ಲ ಮತ್ತೆ ತುಂಬಿದರು. ಯಂತ್ರದವನು ತಡೆಯಲಾರದೆ, "ಗೋಡೆ ಇಷ್ಟು ಹಳದಿ ಇರುತ್ತಾ ಸಾರ್?" ಎಂದು ಕೇಳಿದನಂತೆ.

"ಇರುತ್ತಪ್ಪ," ಎಂದರಂತೆ ಅಪ್ಪ, "ನಾನು ನೋಡಿದೀನಿ."