ಸಂಜೀವಣ್ಣನ ಹೊಟ್ಟೆಯ ಗುಳಿಗೆ

ಸಂಜೀವಣ್ಣ, ನಿಮ್ಮ ಹೊಟ್ಟೆಯಲ್ಲಿ ಗುಳಿಗೆ ಇಲ್ಲ. ಕರಗಿಹೋಯಿತೆಂದಲ್ಲ — ಅದನ್ನು ಒಳಗೆ ಇಟ್ಟೇ ಇರಲಿಲ್ಲ. ಇದು ಒಂಬತ್ತು ವರ್ಷಗಳಿಂದ ನನಗೆ ಗೊತ್ತು.

ಸಯನ್ನಿನ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಆಪರೇಷನ್ ಕೋಣೆಯ ನರ್ಸು. ನೀವು ಫೋರ್ಟಿನ ಹೋಟೆಲಿನಲ್ಲಿ ದೋಸೆ ಹುಯ್ಯುವವರು, ಮದ್ಯನಿಷೇಧದ ಊರಿನಲ್ಲೂ ದಿನ ತಪ್ಪದೆ ಕುಡಿಯುತ್ತಿದ್ದವರು. ನಿಮ್ಮ ಹೆಂಡತಿ ಗಿರಿಜಕ್ಕ ನಿಮ್ಮನ್ನು ಕೈಹಿಡಿದು ಕರೆತಂದಿದ್ದರು. ಡಾಕ್ಟರು ಹೊಸ ಉಪಾಯ ಹೇಳಿದ್ದರು: ಹೊಟ್ಟೆಯ ಚರ್ಮದ ಕೆಳಗೆ ಹತ್ತು ಗುಳಿಗೆ ಹುದುಗಿಸಿ ಹೊಲಿದುಬಿಡುವುದು. ಅವು ತಿಂಗಳುಗಟ್ಟಲೆ ಮೆಲ್ಲಗೆ ಕರಗುತ್ತವೆ. ಆ ಮದ್ದು ಮೈಯಲ್ಲಿರುವಾಗ ಕುಡಿದರೆ ಎದೆ ಹೊಡೆದುಕೊಂಡು, ವಾಂತಿಯಾಗಿ, ಜೀವಕ್ಕೇ ಕುತ್ತು ಬರಬಹುದು. ನೀವು ಹೆದರುತ್ತಲೇ ಒಪ್ಪಿದಿರಿ.

ನಿಮಗೆ ನಿದ್ದೆ ಬರಿಸಿ ಡಾಕ್ಟರು ಚರ್ಮ ಕೊಯ್ದಿದ್ದರು. ನಾನು ತಟ್ಟೆ ಚಾಚಿದೆ — ಚಾಚುವಾಗ ಓರೆಯಾಯಿತು. ಹತ್ತೂ ಗುಳಿಗೆ ನೆಲದ ಮೇಲೆ ಉರುಳಿದವು. ವಿದೇಶದಿಂದ ತರಿಸಿದ್ದು ಅಷ್ಟೇ. ನೆಲಕ್ಕೆ ಬಿದ್ದದ್ದನ್ನು ಮೈಯೊಳಗೆ ಇಡುವಂತಿಲ್ಲ. ಡಾಕ್ಟರು ಬೈಯಲೂ ಇಲ್ಲ. "ಸೀ ದೋ. ನಯಾ ಆಯೇಗಾ ತಬ್ ಬುಲಾಯೇಂಗೇ. ತುಮ್ ಬೋಲ್ ದೋ ಉನ್‌ಕೋ," ಎಂದು ಕೈ ತೊಳೆದುಕೊಂಡರು. ಹೊಲಿದು ಕಳಿಸುವುದು, ಹೊಸದು ಬಂದಾಗ ಕರೆಯುವುದು — ಅಷ್ಟನ್ನು ನಿಮಗೆ ಕನ್ನಡದಲ್ಲಿ ಹೇಳುವುದು ನನ್ನ ಪಾಲಿಗೆ ಬಿತ್ತು.

ಹೊರಗೆ ಬೆಂಚಿನ ಮೇಲೆ ಗಿರಿಜಕ್ಕ ನಿಮ್ಮ ಅಂಗಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಹಾಕಿ ಆಯ್ತಾ ಸಿಸ್ಟರ್?"

"ಆಯ್ತು," ಎಂದೆ.

ಯಾಕೆ ಹಾಗೆಂದೆ? ಕೆಲಸ ಹೋದೀತೆಂಬ ಭಯ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ — ಕೈ ತಪ್ಪದವಳೆಂಬ ಹೆಸರಿತ್ತು ನನಗೆ. ಆ ಹೆಸರಿನ ಆಸೆ. ಗುಳಿಗೆ ಬಂದಾಗ ಏನಾದರೂ ಹೇಳಿ ಸರಿಮಾಡೋಣ ಎಂದುಕೊಂಡೆ. ಡಾಕ್ಟರು ಪರದೇಶಕ್ಕೆ ಹೊರಟುಹೋದರು; ಗುಳಿಗೆ ಬರಲೇ ಇಲ್ಲ.

ಎಂಟು ತಿಂಗಳಾದ ಮೇಲೆ ನೀವೇ ಬಂದಿರಿ. ಹನಿ ಮುಟ್ಟಿರಲಿಲ್ಲ. ಅಂಗಿ ಎತ್ತಿ, "ಇನ್ನೂ ಉಂಟಾ ನೋಡಿ ಸಿಸ್ಟರ್, ಇಲ್ಲದಿದ್ರೆ ಬೇರೆ ಹಾಕ್ಬೇಕಲ್ಲ?" ಎಂದಿರಿ. ಹೊಲಿಗೆ ಮಾಗಿ ಒಳಗೆ ಗಂಟಾಗಿತ್ತು. ಒತ್ತಿದೆ. "ಉಂಟು," ಎಂದೆ. ಆಮೇಲೆ ಆರು ತಿಂಗಳಿಗೊಮ್ಮೆ ಅದೇ. ಇಷ್ಟು ದಿನ ಕರಗದೆ ಉಳಿಯುತ್ತದಾ ಎಂದು ನೀವು ಕೇಳಿದಾಗ, ಕೆಲವರ ಮೈಯಲ್ಲಿ ವರ್ಷಗಟ್ಟಲೆ ಇರುತ್ತದೆ ಎಂದೆ. ರೈಲು ಮುಷ್ಕರದ ದಿನಗಳಲ್ಲೂ ಬೊರಿವಲಿಯಿಂದ ಬಸ್ಸು ಬದಲಿಸುತ್ತ ಬಂದಿರಿ. ಬೆವರಿನಿಂದ ತೊಯ್ದ ಹೊಟ್ಟೆಯ ಮೇಲೆ ಬೆರಳಿಟ್ಟು ಮತ್ತೆ ಉಂಟು ಎಂದೆ. ನನ್ನ ಒಂದು ಮಾತಿಗಾಗಿ ಒಬ್ಬ ಮನುಷ್ಯ ಅಷ್ಟು ದೂರ ಬರುತ್ತಾನಲ್ಲ ಎಂದು ಒಳಗೊಳಗೇ ಹಿಗ್ಗಿದ್ದೂ ಉಂಟು. ಅದನ್ನೂ ಬರೆಯಬೇಕು.

ಯಾರಾದರೂ ಹೊಗಳಿದರೆ, "ನನ್ನದೆಂತದ್ದೂ ಇಲ್ಲ ಮಾರಾಯ್ರೆ, ಎಲ್ಲ ಗುಳಿಗೆಯದ್ದು," ಎನ್ನುತ್ತಿದ್ದಿರಿ. ನಿಮ್ಮ ಧಣಿಗಳು ನಾಗಪುರದಲ್ಲಿ ತೆರೆದ ಹೋಟೆಲನ್ನು ನಿಮಗೇ ವಹಿಸಿಕೊಡಲು ಬಂದರು. ನೀವು ಹೋಗಲಿಲ್ಲ. "ಅಲ್ಲಿ ಒತ್ತಿ ನೋಡ್ಲಿಕ್ಕೆ ಯಾರುಂಟು ಸಿಸ್ಟರ್?" ಎಂದು ನಕ್ಕಿರಿ. ಆ ಹೊತ್ತಿಗೆ ಬಾಯಿ ಬಿಟ್ಟಿದ್ದರೆ — ಬಿಡಲಿಲ್ಲ. ನಿಮ್ಮ ಕೈಕೆಳಗಿದ್ದವನು ನಾಗಪುರಕ್ಕೆ ಹೋದ. ಇನ್ನೊಮ್ಮೆ ಗಿರಿಜಕ್ಕ ನಿಮ್ಮೆದುರೇ ಹೇಳಿದರು: "ಇವರನ್ನು ನಂಬಿ ಅಲ್ಲ ಸಿಸ್ಟರ್, ಆ ಗುಳಿಗೆಯನ್ನು ನಂಬಿ ನಾನು ರಾತ್ರಿ ಕಣ್ಣು ಮುಚ್ಚುದು." ನೀವು ತಲೆ ತಗ್ಗಿಸಿ ಅಂಗಿಯ ಗುಂಡಿ ಹಾಕಿಕೊಂಡಿರಿ. ನಾನು ಅದನ್ನೂ ನೋಡಿ ಸುಮ್ಮನಿದ್ದೆ.

ಕಳೆದ ತಿಂಗಳು, ನಾನು ಕೆಲಸ ಬಿಡುತ್ತೇನೆ ಎಂದಾಗ ನಿಮ್ಮ ಮುಖ ಬಿಳಿಚಿತು. "ಹಾಗಾದ್ರೆ ಇವಳಿಗಾದ್ರೂ ಹೇಳಿಕೊಡಿ," ಎಂದಿರಿ. ನಾನು ಗಿರಿಜಕ್ಕನ ಬೆರಳು ಹಿಡಿದು ಗಂಟಿನ ಮೇಲೆ ಇಟ್ಟೆ. ಅವರು ಒತ್ತಿ ನೋಡಿದರು; ಕಣ್ಣರಳಿತು. "ಹೌದು ಹೌದು, ಉಂಟು!"

ಅವರ ಬಾಯಲ್ಲಿ ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ನಿಮ್ಮಿಂದ ನಾನು ಕಿತ್ತುಕೊಂಡದ್ದು ಇದು: ಒಂಬತ್ತು ವರ್ಷ ಕುಡಿಯದೆ ಇದ್ದದ್ದು ನೀವೇ, ಒಬ್ಬರೇ. ಅದು ನಿಮಗೂ ಗೊತ್ತಾಗಲಿಲ್ಲ, ನಿಮ್ಮ ಹೆಂಡತಿಗೂ ಗೊತ್ತಾಗಲಿಲ್ಲ. ಇದನ್ನು ಕೇಳಿ ನೀವು ಮತ್ತೆ ಕುಡಿಯಲೂಬಹುದು. ಆ ಭಯ ನನಗಿದೆ. ಆದರೆ ನಿಮ್ಮ ಒಳಿತಿಗೆಂದೇ ಸುಮ್ಮನಿದ್ದೆ ಎಂದು ಹೇಳಲಾರೆ. ಅದು ಇನ್ನೊಂದು ಸುಳ್ಳಾಗುತ್ತದೆ.

ಭಾನುವಾರ ಬೊರಿವಲಿಗೆ ಬರುತ್ತೇನೆ. ಈ ಕಾಗದವನ್ನು ನಿಮ್ಮಿಬ್ಬರೆದುರು ನಾನೇ ಓದುತ್ತೇನೆ. ನೀವು ಅಭ್ಯಾಸಬಲದಿಂದ ಅಂಗಿ ಎತ್ತಬಹುದು, ಸಂಜೀವಣ್ಣ. ನಾನು ಮುಟ್ಟುವುದಿಲ್ಲ.